ಬಿಟ್‌ಗಿಂತ ಲೆವೆಲ್ ಮುಖ್ಯ: ಧ್ವನಿಮುದ್ರಣದ ಐದು ದಶಕಗಳು

ವಿಜಯವಾಡದ ಆಕಾಶವಾಣಿ ನಿಲಯ ಆರಂಭವಾದದ್ದು 1948ರ ಡಿಸೆಂಬರ್ 1ರಂದು. ‘ಹಂಸಗೀತೆ’ ಚಿತ್ರದ ಗಾಯನದಿಂದ ಕನ್ನಡಿಗರಿಗೂ ಆಪ್ತರಾದ ಮಂಗಳಂಪಳ್ಳಿ ಬಾಲಮುರಳಿಕೃಷ್ಣ ‘ಭಕ್ತಿರಂಜನಿ’ ಕಾರ್ಯಕ್ರಮವನ್ನು ರೂಪಿಸಿದ್ದು ವಿಜಯವಾಡದಲ್ಲೇ. ಆಕಾಶವಾಣಿಯಲ್ಲಿ ದಶಕಗಳ ಕಾಲ ಧ್ವನಿಮುದ್ರಣವೆಂದರೆ ಮ್ಯಾಗ್ನೆಟಿಕ್ ಟೇಪ್. ಲೆವೆಲ್ ತಗ್ಗಿದರೆ ಟೇಪಿನ ಹಿಸ್ ಸದ್ದು ಸಂಗೀತಕ್ಕೆ ಅಂಟಿಕೊಳ್ಳುತ್ತಿತ್ತು. ಏರಿದರೆ ಟೇಪು ಕ್ರಮೇಣ ತುಂಬಿ ಧ್ವನಿ ದಪ್ಪವಾಗುತ್ತಿತ್ತಷ್ಟೇ. ಆದ್ದರಿಂದ ಲೆವೆಲ್ ತೋರಿಸುವ ವಿಯು ಮೀಟರಿನ ಮುಳ್ಳನ್ನು ಸೊನ್ನೆಯ ಆಸುಪಾಸಿನಲ್ಲೇ ಇಡುವುದು ಜಾಣತನವಾಗಿತ್ತು. ಡಿಜಿಟಲ್‌ಗೆ ಈ ಅಭ್ಯಾಸ ಒಗ್ಗದು. ಇಲ್ಲಿ ಸೊನ್ನೆ ಎಂದರೆ ಗರಿಷ್ಠ ಮಿತಿ. ಅದನ್ನು ದಾಟಿದ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಬಿಟ್‌ಗಳು ತಾವಾಗಿಯೇ ಗುಣಮಟ್ಟ ತರುವುದಿಲ್ಲ, ಲೆವೆಲನ್ನು ಆ ಮಿತಿಯಿಂದ ದೂರವಿಡುವ ಅವಕಾಶವನ್ನಷ್ಟೇ ಕೊಡುತ್ತವೆ ಎಂಬುದು ಈ ತಂತ್ರಜ್ಞಾನದ ಬೆಳವಣಿಗೆಯನ್ನು ನೋಡಿದರೆ ಸ್ಪಷ್ಟವಾಗುತ್ತದೆ.

ಧ್ವನಿಯನ್ನು ಅಂಕಿಗಳಾಗಿಸುವ ಪಿಸಿಎಂ ಕಲ್ಪನೆಯನ್ನು ಎಂಜಿನಿಯರ್ ಅಲೆಕ್ ರೀವ್ಸ್ ಮುಂದಿಟ್ಟದ್ದು 1937ರಲ್ಲಿ. ಜಪಾನಿನ ಡೆನಾನ್ ಕಂಪನಿ 1972ರಲ್ಲಿ 13 ಬಿಟ್‌ಗಳಲ್ಲಿ ಸಂಗೀತ ಮುದ್ರಿಸಿತು. 1982ರ ಸಿಡಿ 16ಕ್ಕೆ ನೆಲೆಗೊಂಡಿತು. ಒಂದೊಂದು ಬಿಟ್ಟೂ ಸುಮಾರು 6 ಡೆಸಿಬೆಲ್ ವ್ಯಾಪ್ತಿ ಕೊಡುವುದರಿಂದ 16 ಬಿಟ್‌ಗಳಿಗೆ 96 ಡೆಸಿಬೆಲ್ ದಕ್ಕುತ್ತದೆ. ವೀಣೆಯ ಒಂದು ಮೀಟನ್ನು ಗಮನಿಸೋಣ. ಅಂಜಿಕೆಯಿಂದ ಅದರ ಶಿಖರವನ್ನು ಮಿತಿಗಿಂತ 30 ಡೆಸಿಬೆಲ್ ಕೆಳಗಿಟ್ಟು ಮುದ್ರಿಸಿದರೆ ಐದು ಬಿಟ್‌ಗಳು ವ್ಯರ್ಥ, ಉಳಿಯುವುದು ಹನ್ನೊಂದು. ನಾದ ಕ್ಷೀಣಿಸುತ್ತ ಇನ್ನೂ 48 ಡೆಸಿಬೆಲ್ ಇಳಿದಾಗ ಅದನ್ನು ಬಣ್ಣಿಸಲು ಮೂರೇ ಬಿಟ್, ಅಂದರೆ ಎಂಟೇ ಮೆಟ್ಟಿಲು. ಗಮಕದ ಕೊನೆಯೆಳೆ ಒರಟಾಗುವುದು ಅಲ್ಲಿ. ಡಿದರ್ ಎಂಬ ಅತಿಸಣ್ಣ ಸದ್ದನ್ನು ಬೆರೆಸಿದರೆ ಈ ಒರಟುತನ ನಿರುಪದ್ರವಿ ಹಿಸ್ ಸದ್ದಾಗಿ ಬದಲಾಗುತ್ತದೆ ಎಂದು ಸಂಶೋಧಕರಾದ ವ್ಯಾಂಡರ್‌ಕೂಯ್ ಮತ್ತು ಲಿಪ್‌ಶಿಟ್ಸ್ 1984ರಲ್ಲಿ ವಿವರಿಸಿದರು. ಆದರೂ ಕಡಿಮೆ ಲೆವೆಲ್ ಎಂದರೆ ಹೆಚ್ಚು ಹಿನ್ನೆಲೆ ಸದ್ದೇ.

1990ರ ದಶಕದಲ್ಲಿ ಸ್ಟುಡಿಯೊಗಳಿಗೆ ಬಂದ 24 ಬಿಟ್ ಈ ಇಕ್ಕಟ್ಟನ್ನು ಸಡಿಲಿಸಿತು. ಕಾಗದದ ಮೇಲೆ ಅದರ ವ್ಯಾಪ್ತಿ 144 ಡೆಸಿಬೆಲ್. ಧ್ವನಿಯನ್ನು ಅಂಕಿಗಳಾಗಿಸುವ ಒಳ್ಳೆಯ ಪರಿವರ್ತಕಗಳು ನಿಜಕ್ಕೂ ಕೊಡುವುದು 120ರ ಆಸುಪಾಸು. ಹಾಗಾಗಿ ಗರಿಷ್ಠ ಮಿತಿಯಿಂದ 18 ಡೆಸಿಬೆಲ್ ಅಂತರ ಬಿಟ್ಟು ಮುದ್ರಿಸಿದರೂ 102 ಉಳಿಯುತ್ತದೆ, ಸಿಡಿಗಿಂತ ಹೆಚ್ಚೇ. ಗಾಯಕ ದಿಢೀರನೆ ತಾರಸ್ಥಾಯಿಗೆ ಏರಿದರೂ ಶಿಖರ ಒಡೆಯುವುದಿಲ್ಲ, ಮಂದ್ರದ ಮೆಲುದನಿಯೂ ಮುಳುಗುವುದಿಲ್ಲ.

ಕೇಳುಗನಿಗೆ ಇದು ಗೊತ್ತಾಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಶೋಧಕರಾದ ಮೇಯರ್ ಮತ್ತು ಮೋರನ್ 2007ರಲ್ಲಿ ನಡೆಸಿದ ಕುರುಡು ಪರೀಕ್ಷೆಯಲ್ಲಿ, ಸಾಮಾನ್ಯ ಶಬ್ದಮಟ್ಟದಲ್ಲಿ ಕೇಳುಗರು ಸಿಡಿ ಗುಣಮಟ್ಟವನ್ನು ಅದಕ್ಕಿಂತ ಮೇಲಿನದರಿಂದ ಬೇರ್ಪಡಿಸಲಾಗಲಿಲ್ಲ. ಕೇಳಿಸುವ ಪ್ರತಿಗೆ 16 ಸಾಕು ಎಂಬುದನ್ನು ಒಪ್ಪೋಣ. ಮುದ್ರಿಸುವ ಹೊತ್ತಿನ ಮಾತೇ ಬೇರೆ, ಮುಂದಿನ ಸ್ವರ ಎಷ್ಟು ಜೋರೆಂದು ಆಗ ಯಾರಿಗೂ ತಿಳಿದಿರುವುದಿಲ್ಲ. ಹಾಗಾದರೆ 2019ರಿಂದ ಕೈಗೆಟುಕಿದ, ಅತಿ ವಿಶಾಲ ವ್ಯಾಪ್ತಿಯ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಲೆವೆಲಿನ ಚಿಂತೆಯನ್ನೇ ನೀಗಿಸಲಿಲ್ಲವೇ? ಪರಿವರ್ತಕದ ಮಟ್ಟಿಗೆ ಬಹುಪಾಲು ಹೌದು. ಆದರೆ ಮೈಕಿನೊಳಗೇ ಕೆಟ್ಟ ಅಲೆಯನ್ನು ಯಾವ ಅಂಕಿಯೂ ಸರಿಪಡಿಸದು. ಮೈಕ್ ಎಲ್ಲಿಡಬೇಕು ಎಂಬ ನಿರ್ಧಾರ ಮನುಷ್ಯನದೇ.

ವಿಜಯವಾಡದಂಥ ನಿಲಯಗಳ ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ವರ್ಗಾಯಿಸುವಾಗ ಲೆವೆಲಿನ ಈ ಎಚ್ಚರ ಇನ್ನೂ ತುರ್ತಿನದು. ಟೇಪಿನ ವ್ಯಾಪ್ತಿಯೇ 60–70 ಡೆಸಿಬೆಲ್ ಇರುವಾಗ 24 ಬಿಟ್ ದುಂದಲ್ಲವೇ ಎನ್ನುವವರಿದ್ದಾರೆ. ಆದರೆ ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ತನ್ನ ಮಾರ್ಗಸೂಚಿಯಲ್ಲಿ 24 ಬಿಟ್ಟನ್ನೇ ಸೂಚಿಸುವುದಕ್ಕೆ ಕಾರಣವಿದೆ. ಅಂಟು ಬಿಟ್ಟ ಜೋಡಣೆಯ ಒಂದು ಟಪ್ ಸದ್ದು ಸಂಗೀತಕ್ಕಿಂತ ಜೋರಾಗಿರಬಹುದು. ಜೀರ್ಣ ಟೇಪನ್ನು ಮತ್ತೊಮ್ಮೆ ಓಡಿಸುವ ಅವಕಾಶ ಸಿಗದಿರಬಹುದು. ಆಮೇಲೆ ಬೇಡದ ಸದ್ದು ತೆಗೆಯುವ ಲೆಕ್ಕಾಚಾರಕ್ಕೂ ಆ ಬಿಟ್‌ಗಳು ಬೇಕು. ಆದ್ದರಿಂದ ವರ್ಗಾವಣೆಗೆ 24 ಬಿಟ್, ಶಿಖರಗಳಿಗೆ ಧಾರಾಳ ಅಂತರ, ಜನರಿಗೆ ಹಂಚುವಾಗ ಡಿದರ್ ಬೆರೆಸಿದ 16: ಈ ಮೂರನ್ನು ಪಾಲಿಸಿದರೆ ಒಂದು ತಲೆಮಾರಿನ ಗಾಯನ ಮುಂದಿನದಕ್ಕೆ ಕೆಡದೆ ದಾಟುತ್ತದೆ.