ಸ್ಟಾರ್ ಎಣಿಸುವ ಮೊದಲು ಬರಹ ಓದಿ

ದರ್ಶಿನಿಯಾಗಲಿ, ಬೈಕ್ ಗ್ಯಾರೇಜಾಗಲಿ, ಹೊಸ ಗಿರಾಕಿಗಳು ಈಗ ಮೊದಲು ನೋಡುವುದು ಗೂಗಲ್ ಮ್ಯಾಪ್. ಅಲ್ಲಿ ಕಾಣುವ ರೇಟಿಂಗ್ ಬರೀ ಸರಾಸರಿ. 20 ಜನ ಐದೈದು ಸ್ಟಾರ್ ಕೊಟ್ಟ ಅಂಗಡಿಗೆ ಇನ್ನೊಬ್ಬರು ಒಂದೇ ಸ್ಟಾರ್ ಒತ್ತಿದರೆ 4.8ಕ್ಕೆ ಇಳಿಯುತ್ತೆ. 200 ಜನ ಕೊಟ್ಟಿದ್ದರೆ ಆ ಏಟು ಗೊತ್ತೇ ಆಗಲ್ಲ. ಪೆಟ್ಟು ಬೀಳೋದು ಚಿಕ್ಕವರಿಗೇ.

ಹಾಗಾಗಿ ಅಂಕಿ ಬಿಟ್ಟು ಬರಹ ಓದಿ. ಆರು ತಿಂಗಳ ದೂರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ರುಚಿಯದ್ದೆಷ್ಟು, ಚಿಲ್ಲರೆ ಜಗಳದ್ದೆಷ್ಟು, ‘ಹೋದರೆ ಬಾಗಿಲು ಹಾಕಿತ್ತು’ ಅನ್ನೋದೆಷ್ಟು. ಕೊನೆಯದಕ್ಕೆ ಅಡುಗೆಭಟ್ಟರನ್ನು ಬೈದು ಪ್ರಯೋಜನವಿಲ್ಲ. ವಾರದ ರಜೆಯನ್ನು ಬಿಸಿನೆಸ್ ಪ್ರೊಫೈಲಿನಲ್ಲಿ ಹಾಕಿದರೆ ಮುಗೀತು.

ಸಿಟ್ಟಿನ ರಿವ್ಯೂಗೆ ಎರಡು ಸಾಲು ಉತ್ತರ ಸಾಕು, ವಾದ ಬೇಡ. ಅದನ್ನು ಓದುವುದು ಬೈದವರಿಗಿಂತ ಹೆಚ್ಚಾಗಿ ಮುಂದೆ ಬರುವವರು. ಮಾಲೀಕರಿಗೆ ಇಷ್ಟವಾಗಲಿಲ್ಲ ಅಂತ ಗೂಗಲ್ ಯಾವುದನ್ನೂ ತೆಗೆಯಲ್ಲ. ನಕಲಿ, ನಿಂದನೆ, ಸಂಬಂಧವಿಲ್ಲದ್ದು ಇದ್ದರೆ ರಿಪೋರ್ಟ್ ಮಾಡಬಹುದು.

‘ನೂರು ಫೈವ್ ಸ್ಟಾರ್ ಹಾಕಿಸ್ತೀವಿ ಸಾರ್’ ಎನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ. ಕೊಂಡ ರಿವ್ಯೂ ಗೂಗಲ್ ನಿಯಮಕ್ಕೆ ವಿರುದ್ಧ. ‘ಐದು ಸ್ಟಾರ್‌ಗೆ ಕಾಫಿ ಫ್ರೀ’ ಬೋರ್ಡೂ ಅಷ್ಟೇ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ತಂದ ಐಎಸ್ 19000 ಮಾನದಂಡವೂ ಕೊಂಡ ರಿವ್ಯೂ ಪ್ರಕಟಿಸುವುದನ್ನು ಒಪ್ಪುವುದಿಲ್ಲ. ಆದರೆ ಅದು ಜಾರಿಗೆ ಬಂದದ್ದು ಐಚ್ಛಿಕವಾಗಿ, ಹಲ್ಲಿಲ್ಲದ ಹಾವಿನ ಹಾಗೆ.

ದಿನಾ ಕಾಫಿಗೆ ಬರುವವರು ಸಾಮಾನ್ಯವಾಗಿ ಒಂದು ಸಾಲೂ ಬರೆದಿರಲ್ಲ. ಬಿಲ್ ಕೊಡುವಾಗ ಕ್ಯೂಆರ್ ತೋರಿಸಿ, ಅನಿಸಿದ್ದು ಬರೀರಿ ಅನ್ನಿ. ಎಲ್ಲರಿಗೂ ಹೇಳಿ, ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದಕ್ಕೂ ಗೂಗಲ್‌ನಲ್ಲಿ ಅವಕಾಶವಿಲ್ಲ.