ರಸ್ತೆ ಗುಂಡಿ ಮತ್ತು ಒಂದು ‘ಬಹುದು’

ಊರ ರಸ್ತೆಯಲ್ಲಿ ಗುಂಡಿ ಬಿದ್ದರೆ ನಾವು ಪಂಚಾಯ್ತಿ ಮೆಂಬರನ್ನು ಹಿಡಿದು ಕೇಳುತ್ತೇವೆ. ‘ಅನುದಾನ ಬಂದಿಲ್ಲ’ ಅನ್ನುತ್ತಾರೆ. ಈ ಉತ್ತರದ ಹಿಂದೆ ದೊಡ್ಡ ಇತಿಹಾಸವೇ ಇದೆ. ನಮ್ಮ ರಾಜಧಾನಿಯ ಕತೆ ನೋಡಿದರೆ ಅದು ಅರ್ಥವಾಗುತ್ತದೆ.

1862ರಲ್ಲಿ ಬೆಂಗಳೂರಿನಲ್ಲಿ ಎರಡು ಮುನಿಸಿಪಾಲಿಟಿಗಳು ಹುಟ್ಟಿದವು. ಒಂದು ಪೇಟೆಗೆ, ಇನ್ನೊಂದು ದಂಡು ಪ್ರದೇಶಕ್ಕೆ. ಇಂಥ ಸ್ಥಳೀಯ ಸಂಸ್ಥೆಗಳಲ್ಲಿ ಅಧಿಕಾರಿಗಳಿಗಿಂತ ಜನರ ಕಡೆಯವರೇ ಹೆಚ್ಚಿರಬೇಕು ಎಂದು 1882ರಲ್ಲಿ ವೈಸರಾಯ್ ರಿಪನ್ ನಿರ್ಣಯ ಹೊರಡಿಸಿದರು. 1949ರಲ್ಲಿ ಬೆಂಗಳೂರಿನ ಎರಡೂ ಭಾಗ ಸೇರಿ ಒಂದೇ ನಗರ ಪಾಲಿಕೆಯಾಯಿತು.

1992ರಲ್ಲಿ ಸಂಸತ್ತು ಸಂವಿಧಾನಕ್ಕೆ 73 ಮತ್ತು 74ನೇ ತಿದ್ದುಪಡಿ ತಂದಿತು. ಪಂಚಾಯ್ತಿಗಳಿಗೆ 29 ವಿಷಯ, ನಗರಗಳಿಗೆ 18 ವಿಷಯ ಪಟ್ಟಿಯಾದವು. ರಸ್ತೆ, ಸೇತುವೆ ಎರಡೂ ಪಟ್ಟಿಯಲ್ಲಿವೆ. ಆದರೆ ಈ ಅಧಿಕಾರವನ್ನು ರಾಜ್ಯಗಳು ‘ಕೊಡಬೇಕು’ ಎಂದು ಬರೆಯಲಿಲ್ಲ, ‘ಕೊಡಬಹುದು’ ಎಂದು ಬರೆದರು. ಹಾಗಾಗಿ ಗುಂಡಿಯ ಲೆಕ್ಕ ಕೇಳುವುದು ಮೆಂಬರನ್ನು, ದುಡ್ಡಿನ ಬೀಗದ ಕೈ ಇರುವುದು ಬಹುಪಾಲು ಮೇಲಿನವರ ಹತ್ತಿರ.

ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಸಲೇಬೇಕು ಎಂದು ಅದೇ ಸಂವಿಧಾನ ಹೇಳುತ್ತದೆ. ಬೆಂಗಳೂರಿನಲ್ಲಿ ಅದೂ ನಡೆಯಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ದರ್ಬಾರು. ಗುಂಡಿ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಕೇಳಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ.

ನಮಗೆ ಗ್ರಾಮಸಭೆಯಾದರೂ ಇದೆ. ಮುಂದಿನ ಸಭೆಯಲ್ಲಿ ‘ರಸ್ತೆ ಯಾವಾಗ?’ ಅಂತ ಕೇಳಿ ಸುಮ್ಮನಾಗುವುದು ಬೇಡ. ‘ಈ ರಸ್ತೆ ಯಾರ ಸುಪರ್ದಿಯಲ್ಲಿದೆ? ದುಡ್ಡು ಯಾರ ಕೈಲಿದೆ?’ ಅಂತಲೂ ಕೇಳೋಣ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸೋಣ.