ಗೋಡೆಯ ಮೇಲಿನ ಶೌರ್ಯ

ಚಲನಚಿತ್ರದ ಗುಣವನ್ನು ಅದರ ಭಿತ್ತಿಪತ್ರದಿಂದ ಅಳೆಯುವ ಅಭ್ಯಾಸವು ಹೆಚ್ಚುಕಡಿಮೆ ಚಲನಚಿತ್ರದಷ್ಟೇ ಹಳೆಯದು. 1895ರ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ಚಿತ್ರ ತೋರಿಸತೊಡಗಿದ ಮೇಲೆ, ಮಾರ್ಸೆಲಿನ್ ಓಝೋಲ್ ಎಂಬ ಕಲಾವಿದನು ಬರೆದ ಭಿತ್ತಿಪತ್ರದಲ್ಲಿ ನೀರಿನಿಂದ ತೊಯ್ದ ತೋಟಗಾರನು ಪರದೆಯ ಮೇಲೆ ಕಾಣುತ್ತಾನಾದರೂ, ಆ ಪರದೆಯ ಮುಂದೆ ಕುಳಿತು ನಗುತ್ತಿರುವ ಪ್ರೇಕ್ಷಕರಿಗೇ ಅಲ್ಲಿ ಅಗ್ರಸ್ಥಾನ. ಅಂದಿನಿಂದಲೂ ಚಿತ್ರದ ವಿಷಯದಲ್ಲಿ ಭಿತ್ತಿಪತ್ರವು ನುಡಿಯುವ ಸಾಕ್ಷ್ಯವು ದುರ್ಬಲವಾದುದೇ. ಚಿತ್ರದ ಒಡೆಯನು ಪ್ರೇಕ್ಷಕನನ್ನು ಎಂಥವನೆಂದು ಎಣಿಸಿದ್ದಾನೆ ಎಂಬ ವಿಷಯದಲ್ಲಿ ಮಾತ್ರ ಅದನ್ನು ಧಾರಾಳವಾಗಿ ನಂಬಬಹುದೆಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಈ ಕಲೆಗೆ ಕೊಲ್ಹಾಪುರದ ಬಾಬೂರಾವ್ ಪೇಂಟರರಂತಹ ನುರಿತ ಚಿತ್ರಕಾರರೇ ದೊರೆತರು; ಅವರ 1924ರ 'ಕಲ್ಯಾಣ ಖಜಿನಾ' ಚಿತ್ರದ ಭಿತ್ತಿಪತ್ರವು ಇಂದಿಗೂ ಉಳಿದುಬಂದಿದೆ. ಆದರೆ ಸಾಹಸಚಿತ್ರದ ನಿಜವಾದ ಪರೀಕ್ಷೆ ನಡೆದುದು 1935ರಲ್ಲಿ, ಮುಂಬಯಿಯ ವಾಡಿಯಾ ಸಹೋದರರು 'ಹಂಟರ್‌ವಾಲಿ'ಯನ್ನು ಸಿದ್ಧಪಡಿಸಿದಾಗ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಹುಟ್ಟಿದ ಮೇರಿ ಎವಾನ್ಸ್ ಎಂಬಾಕೆ ನಾಡಿಯಾ ಎಂಬ ಹೆಸರಿನಿಂದ, ಮುಖವಾಡ ಧರಿಸಿ, ಚಾವಟಿ ಬೀಸುತ್ತ, ಗಂಡಸರನ್ನು ಎತ್ತಿ ಒಗೆಯುವುದನ್ನು ಕಂಡು ಹಂಚಿಕೆದಾರರು ಹಿಂಜರಿದರು. ಅವರ ಹಿಂಜರಿಕೆಯನ್ನು ಲೆಕ್ಕಿಸದೆ ತೆರೆಗೆ ಬಂದ ಆ ಚಿತ್ರವು 25 ವಾರಗಳಿಗೂ ಮಿಗಿಲಾಗಿ ಓಡಿತು. ಮರುವರ್ಷ 'ಮಿಸ್ ಫ್ರಾಂಟಿಯರ್ ಮೇಲ್' ಚಿತ್ರದಲ್ಲಿ ಆಕೆ ರೈಲಿನ ಮೇಲೇರಿ ಕಾದಾಡಿದಳು. ತನ್ನ ಸಾಹಸಗಳನ್ನು ತಾನೇ ಮಾಡುತ್ತಿದ್ದವಳಾದುದರಿಂದ, ಅವಳ ಭಿತ್ತಿಪತ್ರದಲ್ಲಿ ಸುಳ್ಳೆಂಬುದು ಏನಾದರೂ ಇದ್ದರೆ ಅದು ಬಣ್ಣದಲ್ಲಿ ಮಾತ್ರ. ಕಪ್ಪುಬಿಳುಪಿನ ಚಿತ್ರಕ್ಕೆ ಕೆಂಪು, ಹಳದಿಗಳ ಅಲಂಕಾರ ಮಾಡುವುದು ಆ ಕಾಲದಲ್ಲಿ ಯಾರಿಗೂ ಅಪರಾಧವಾಗಿ ಕಾಣಲಿಲ್ಲ.

ಹಿಂದಿಯ ಗಂಧವಿಲ್ಲದವನಿಗೂ ಚಾವಟಿಯ ಅರ್ಥವಾಗುವುದರಿಂದ, ಇಂತಹ ಚಿತ್ರಗಳಿಗೆ ಕನ್ನಡನಾಡಿನ ಟೂರಿಂಗ್ ಟಾಕೀಸುಗಳ ಡೇರೆಗಳಲ್ಲಿಯೂ ಎಡೆಯಿತ್ತು. ಎತ್ತಿನ ಗಾಡಿಯ ಎರಡು ಮಗ್ಗುಲಿಗೂ ಭಿತ್ತಿಪತ್ರ ಕಟ್ಟಿ, ತಮಟೆ ಬಡಿಯುತ್ತ, ಕರಪತ್ರಗಳನ್ನು ತೂರುತ್ತ ಊರೂರು ಸುತ್ತುವ ಪ್ರಚಾರಕನಿಗೆ ಎದುರಾಗುತ್ತಿದ್ದ ಪ್ರಶ್ನೆ, ಕಥೆ ಯಾವುದೆಂಬುದಲ್ಲ, "ಎಷ್ಟು ಫೈಟು?" ಎಂಬುದು. ನುರಿತ ಕಣ್ಣು ನಾಯಕನಿಗಿಂತ ಮೊದಲು ಖಳನನ್ನು ಹುಡುಕಬೇಕು. ಅವನ ಮುಖವನ್ನು ಶ್ರದ್ಧೆಯಿಂದ ಬರೆದಿದ್ದರೆ ಕಾದಾಟಕ್ಕೆ ತೂಕವಿದೆಯೆಂದೂ, ಬರಿಯ ಬೆಂಕಿ, ಕುದುರೆಗಳಿಂದಲೇ ಕಾಗದ ತುಂಬಿದ್ದರೆ ಜೇಬನ್ನು ಭದ್ರಪಡಿಸಿಕೊಳ್ಳಬೇಕೆಂದೂ ತಿಳಿಯತಕ್ಕದ್ದು. ಮೈದಾ ಅಂಟಿನ ರುಚಿ ಬಲ್ಲ ಬೀದಿಯ ಹಸುಗಳು ಯಾವ ಭೇದವನ್ನೂ ಎಣಿಸದೆ ಶೂರರನ್ನೂ ಖಳರನ್ನೂ ಸಮನಾಗಿ ಮೇಯುತ್ತಿದ್ದುವೆನ್ನಿ.

ಚಿತ್ರದ ಇನ್ನೊಂದು ಪ್ರಚಾರಸಾಧನವಾದ ಟ್ರೇಲರಿನ ಚರಿತ್ರೆ ಬೇರೆ. ಅಮೆರಿಕದಲ್ಲಿ 1913ರಲ್ಲಿ ನೀಲ್ಸ್ ಗ್ರಾನ್‌ಲುಂಡ್ ಎಂಬಾತನು ಒಂದು ಸಂಗೀತನಾಟಕದ ಪ್ರಚಾರಕ್ಕಾಗಿ ತಯಾರಿಸಿದ ತುಣುಕನ್ನು ಇದರ ಮೂಲಪುರುಷನೆಂದು ಎಣಿಸುತ್ತಾರೆ. ಮೊದಮೊದಲು ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದುದನ್ನು, ಜನ ಎದ್ದು ಹೊರಟುಬಿಡುವುದರಿಂದ, ಮುಂದಕ್ಕೆ ತಂದರು. ಭಿತ್ತಿಪತ್ರವು ಉತ್ಪ್ರೇಕ್ಷೆಯಿಂದ ಮೋಸಮಾಡಿದರೆ, ಟ್ರೇಲರು ಸತ್ಯದ ತುಣುಕುಗಳಿಂದಲೇ ಮೋಸಮಾಡುತ್ತದೆ: ಎರಡೂವರೆ ಗಂಟೆಯಲ್ಲಿ ಚದರಿಹೋಗಿರುವ ಹೊಡೆದಾಟಗಳನ್ನೆಲ್ಲ ಎರಡು ನಿಮಿಷದಲ್ಲಿ ಒಟ್ಟಿ, ನಡುವಣ ನೀರಸ ಸಂಭಾಷಣೆಯನ್ನು ಮರೆಮಾಡುತ್ತದೆ. ನಮ್ಮಲ್ಲಿ ಚಿತ್ರಮಂದಿರದ ಟ್ರೇಲರಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಗೋಡೆಯ ಕಾಗದಕ್ಕೆ ಆ ಕಟ್ಟಳೆಯಿಲ್ಲ. ಆದರೂ ಇವೆರಡರಲ್ಲಿ ಹೆಚ್ಚು ಎಚ್ಚರದಿಂದ ನೋಡಬೇಕಾದುದು ಟ್ರೇಲರನ್ನೇ ಎಂಬುದು ನನ್ನ ಮತ.

ಕನ್ನಡದಲ್ಲಿ ಸಾಹಸಚಿತ್ರದ ಪರೀಕ್ಷೆ 1968ರಲ್ಲಿ ಬೇರೊಂದು ರೂಪದಲ್ಲಿ ಬಂದಿತು. 'ಬೇಡರ ಕಣ್ಣಪ್ಪ'ನಾಗಿ, ಕನಕದಾಸನಾಗಿ, ರಣಧೀರ ಕಂಠೀರವನಾಗಿ ಜನರ ಕಣ್ಣಿನಲ್ಲಿ ನೆಲೆಸಿದ್ದ ರಾಜ್‌ಕುಮಾರರನ್ನು ದೊರೈ-ಭಗವಾನ್ ಜೋಡಿಯು 'ಜೇಡರ ಬಲೆ'ಯಲ್ಲಿ ಗುಪ್ತಚರ ಸಿ.ಐ.ಡಿ. 999 ಆಗಿ ಮಾಡಿತು. ಕಣ್ಣು ಕಿತ್ತು ಶಿವನಿಗೆ ಅರ್ಪಿಸಿದ ಭಕ್ತನ ಕೈಯಲ್ಲಿ ಪಿಸ್ತೂಲನ್ನು ಜನ ಒಪ್ಪುವರೇ ಎಂಬ ಸಂಶಯಕ್ಕೆ ಅವಕಾಶವಿದ್ದೇ ಇತ್ತು. ಜನ ಒಪ್ಪಿದರು, ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಕೊನೆಗೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಗೋಡೆಗಳನ್ನೇರಿದುವು.